ದೇವೀರಮ್ಮನ ಕಥೆಗೆ ನಾಸಿರ್ ಹಿಡಿದ ಮೈಕು

ನಸುಕಿನ ಹೊತ್ತು. ವನಗೂರಿನ ಎಸ್ಟೇಟ್ ಲೈನಿನ, ಅಂದರೆ ಕಾರ್ಮಿಕರ ಸಾಲುಮನೆಗಳ, ಶಿಶುವಿಹಾರದಲ್ಲಿ ಇನ್ನೂ ದೀಪ ಉರಿಯುತ್ತಿದೆ. ಹೊರಗೆ ಮಂಜು. ಎದುರಿನ ಸಿಲ್ವರ್ ಓಕ್ ಮರಗಳ ಬುಡವಷ್ಟೇ ಕಾಣುತ್ತದೆ. ರಸ್ತೆಯ ಜೀಪಿನ ಸದ್ದು ಒಳಗೆ ನುಗ್ಗದಿರಲಿ ಎಂದು ನಾಸಿರ್ ಕಿಟಕಿಗೆ ಗೋಣಿಚೀಲ ಬಿಗಿಯುತ್ತಿದ್ದಾರೆ. ಆಮೇಲೆ ಜೇಬಿನಿಂದ ಹಳೆಯ ಉಣ್ಣೆ ಕಾಲುಚೀಲವೊಂದನ್ನು ತೆಗೆದು ಮೈಕಿನ ತಲೆಗೆ ತೊಡಿಸುತ್ತಾರೆ. ಉಸಿರಿನ ಬುಸುಬುಸು ಸದ್ದನ್ನು ಅದು ಹೀರಿಕೊಳ್ಳುತ್ತದೆ.

ಕಂಬಳಿ ಹೊದ್ದು ಕೂತ ಮಕ್ಕಳ ಗುಂಪಿನಿಂದ ಪ್ರಶ್ನೆ ಬರುತ್ತದೆ: "ಅಂಕಲ್, ಇನ್ನೊಂದು ಕಾಲಿಂದು ಎಲ್ಲಿ?"

"ನಿಮ್ಮ ಮುಂದೇನೇ ಐತೆ ನೋಡ್ರೋ." ಮಕ್ಕಳೆದುರಿಗೆ ಇಟ್ಟ ಎರಡನೇ ಮೈಕಿಗೂ ಅದರ ಜೋಡಿ ಕಾಲುಚೀಲ ಹಾಕಿದೆ. ನಗು ಹಬ್ಬುತ್ತದೆ. ನಾಸಿರ್ ಮಾತ್ರ ನಗದೆ ಬಾಗಿಲಿಗೆ ಹೋಗಿ ಕಾಲುದಾರಿ ನೋಡಿ ಬರುತ್ತಾರೆ. ಕಥೆ ಹೇಳಬೇಕಾದ ದೇವೀರಮ್ಮ ಇನ್ನೂ ಬಂದಿಲ್ಲ.

"ಬತ್ತೀನಿ ಅಂದವ್ರೆ. ಆದ್ರೆ 'ನೋಡಾನ' ಅಂತಾನೂ ಸೇರ್ಸವ್ರೆ. ಆ 'ನೋಡಾನ'ನೇ ನಂಗೆ ಭಯ," ಎನ್ನುತ್ತಾರೆ.

ಸಕಲೇಶಪುರ ಪೇಟೆಯ ನಾಸಿರ್ ಅವರಿಗೆ ಐವತ್ತರ ಹತ್ತಿರ ವಯಸ್ಸು. ಮದುವೆ, ನಾಮಕರಣ, ಉರುಸುಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವುದು ಹೊಟ್ಟೆಪಾಡು. ಈ ಗುಡ್ಡಗಳ ಕಥೆಗಾರರನ್ನು, ಅವರು ಮಕ್ಕಳೆದುರು ಕೂತು ಹೇಳುವಾಗಲೇ, ರೆಕಾರ್ಡ್ ಮಾಡುವುದು ಯಾರೂ ಹೇಳದೆ ತಾವಾಗಿ ತಲೆಗೆ ಹಚ್ಚಿಕೊಂಡ ಕೆಲಸ. ಮಾರನಹಳ್ಳಿಯ ಕಡೆಯ ಒಂದು ಶಾಲೆಯ ಸಮಾರಂಭದಲ್ಲಿ ಇದು ಶುರುವಾಯಿತು. ಅತಿಥಿಗಳು ಎದ್ದುಹೋದ ಮೇಲೆ ಅಡುಗೆಯ ಅಜ್ಜಿಯೊಬ್ಬರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳತೊಡಗಿದರು. "ಮೈಕು ಅಲ್ಲೇ ಇತ್ತು, ರೆಕಾರ್ಡಿಂಗ್ ಆನ್ ಮಾಡ್ದೆ. ಭಾಷಣ ಯಾರು ಮಾಡಿದ್ರೋ ಮರ್ತೋಯ್ತು. ಕತೆ ಈಗ್ಲೂ ನೆನಪೈತೆ ಕಣ್ರೀ."

ಅಂದಿನಿಂದ ಆಲೂರು ಕಡೆಯ ಊರುಗಳಿಗೂ ಇತ್ತ ಘಟ್ಟದ ಅಂಚಿನ ಲೈನುಗಳಿಗೂ ಸ್ಕೂಟರಿನಲ್ಲಿ ಓಡಾಡುತ್ತಿದ್ದಾರೆ. ಹೊರಡುವ ಮೊದಲು ಕಾಡಾನೆ ಎಲ್ಲಿದೆ ಎಂದು ವಿಚಾರಿಸಬೇಕು. ಇದೇ ದಾರಿಯಲ್ಲಿದೆ ಎಂದರೆ ಆ ದಿನದ ಕಥೆ ಬಿಟ್ಟಂತೆ. ಮಳೆಗಾಲದಲ್ಲಿ ಥಂಡಿ ಹಿಡಿದು ಮೈಕು ಗೊರಗುಟ್ಟುತ್ತದೆ. ಅದಕ್ಕೆ ಅಕ್ಕಿ ಡಬ್ಬದಲ್ಲಿ ಹೂತಿಡುತ್ತಾರೆ. "ನಮ್ಮನೇಲಿ ಅನ್ನಕ್ಕೆ ಅಂತ ಕೈ ಹಾಕಿದ್ರೆ ವೈರ್ ಬರ್ತದೆ. ಬೇಯಿಸಿ ಬಡಿಸ್ಬುಡ್ಲಾ ಅಂತ ಒಂದಿನ ಕೇಳಿದೀನಿ," ಎಂದು ಪತ್ನಿ ಮೆಹರೀನ್ ಹಂಗಿಸುತ್ತಾರೆ.

ದೇವೀರಮ್ಮ ಇದೇ ಲೈನಿನವರು. ವರ್ಷಗಟ್ಟಲೆ ಕಾಫಿ ಕೊಯ್ದು ದಣಿದು ಈಗ ಮನೆಯಲ್ಲಿದ್ದಾರೆ. ಅವರ ಕಥೆಗೆ ಎರಡು ಕಟ್ಟುಪಾಡು. ಹಗಲಲ್ಲಿ ಹೇಳುವುದಿಲ್ಲ, ಹೇಳಿದರೆ ಕೇಳಿದ ಮಕ್ಕಳ ಸೋದರಮಾವ ದಾರಿ ತಪ್ಪುತ್ತಾನಂತೆ. ಸಂಜೆ ಮಕ್ಕಳನ್ನು ಸೇರಿಸೋಣವೆಂದರೆ ಆನೆಯ ಭಯ. ಹಾಗಾಗಿ ನಸುಕಿನ ಹೊತ್ತು. ಬಿಸಿಲು ಅಂಗಳಕ್ಕೆ ಇಳಿಯುವ ತನಕ ಹಗಲಾಗಿಲ್ಲ ಎಂಬುದು ಅವರ ಲೆಕ್ಕ. ಕೊಯ್ಲಿನ ಕಾಲದಲ್ಲಿ ತಾಯಂದಿರು ಬೇಗನೆ ಮಕ್ಕಳನ್ನು ಇಲ್ಲಿ ಬಿಟ್ಟು ಹೋಗುವುದರಿಂದ ಅದೂ ಹೊಂದಿಕೆಯಾಗಿದೆ.

ಎರಡನೆಯದು, ಕೇಳುವವರು ಮಾತಿಗೊಮ್ಮೆ "ಹೂಂ" ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಇದು ತಿಳಿಯದೆ ನಾಸಿರ್ ಮೊದಲ ಸಲ ಮಕ್ಕಳ ಹೂಂಕಾರವನ್ನೆಲ್ಲ ಗಲಾಟೆಯೆಂದು ಕತ್ತರಿಸಿ ಹಾಕಿದ್ದರು. ಕೇಳಿಸಿದಾಗ ದೇವೀರಮ್ಮ ಗದರಿದ್ದರು: "ಯಾರಿಗೋ ಹೇಳ್ತಿದೀನಿ ನಾನು? ಗೋಡೆಗಾ?" ಮಕ್ಕಳೆದುರಿಗೆ ಎರಡನೇ ಮೈಕು ಬಂದದ್ದು ಆಮೇಲೆ.

ಕಳೆದ ಮಳೆಗಾಲದ ಕೊನೆಯಲ್ಲಿ ದೇವೀರಮ್ಮನ ಗಂಟಲಲ್ಲಿ ಗಂಟು ಕಾಣಿಸಿತು. ಹಾಸನದಲ್ಲಿ ಆಪರೇಷನ್ ಆಯಿತು. ಕೆಟ್ಟದ್ದೇನೂ ಅಲ್ಲವೆಂದು ತಿಳಿದು ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು. ಆದರೆ ಬಹಳ ದಿನ ಮಾತಾಡಕೂಡದು ಎಂದರು ಡಾಕ್ಟರು. ಆ ದಿನಗಳಲ್ಲಿ ಶಿಶುವಿಹಾರದ ಟೀಚರ್ ನವ್ಯಶ್ರೀ ದಿನಾ ಬೆಳಗ್ಗೆ ಸ್ಪೀಕರಿನಲ್ಲಿ ಅವರ ಕಥೆ ಹಾಕಿದರು. ಮಕ್ಕಳು ಅದನ್ನು "ಡಬ್ಬದ ಅಜ್ಜಿ" ಎಂದು ಕರೆದರು, ಡಬ್ಬಕ್ಕೇ ಹೂಂಗುಟ್ಟಿದರು, ಸಾಲುಸಾಲಾಗಿ ಬಾಯಿಪಾಠ ಮಾಡಿಕೊಂಡರು.

ಒಂದು ದಿನ ದೇವೀರಮ್ಮ ಬಂದು ಹಿಂದೆ ಕೂತರು. ಮಕ್ಕಳು ಯಾರೂ ತಿರುಗಿ ನೋಡಲಿಲ್ಲ. ಅವರು ಮೆಲ್ಲಗೆ ಎದ್ದು ಹೋದರು. ಮಾತು ಬಂದ ಮೇಲೂ ಶಿಶುವಿಹಾರದ ಕಡೆ ಸುಳಿಯಲಿಲ್ಲ. ಧ್ವನಿ ತಗಡು ಕೆರೆದಂತಾಗಿತ್ತು. ಯಾಕೆಂದು ಕೇಳಲು ಹೋದ ನಾಸಿರ್‌ಗೆ ಸಿಕ್ಕ ಉತ್ತರ: "ಡಬ್ಬಾನೇ ಸಾಕು ಬುಡಪ್ಪ. ಅದ್ರ ಗಂಟ್ಲು ಚೆನ್ನಾಗೈತೆ."

"ಅವತ್ತು ನಂಗೆ ಊಟ ಸೇರ್ಲಿಲ್ಲ," ಎನ್ನುತ್ತಾರೆ ನಾಸಿರ್. "ಕತೆ ಉಳೀಲಿ ಅಂತ ರೆಕಾರ್ಡ್ ಮಾಡ್ದೋನು ನಾನು. ಕತೆ ಉಳೀತು, ಹೇಳೋರನ್ನ ಎಬ್ಬಿಸಿ ಕಳಿಸ್ಬುಡ್ತು. ಇವತ್ತು ಅವರು ಹೇಳಿ ಮಕ್ಕಳು ಕೇಳ್ಲಿಲ್ಲ ಅಂದ್ರೆ ಈ ಕೆಲ್ಸಾನೇ ಬುಟ್ಬುಡ್ತೀನಿ. ಸುಮ್ನೆ ಹೇಳ್ತಿಲ್ಲ."

ಮಂಜಿನೊಳಗಿಂದ ಟಾರ್ಚಿನ ಬೆಳಕೊಂದು ಇಳಿದು ಬರುತ್ತದೆ. ಮಫ್ಲರ್ ಸುತ್ತಿಕೊಂಡ ದೇವೀರಮ್ಮ ಒಳಗೆ ಬಂದು, ಕಿಟಕಿಯ ಗೋಣಿಯನ್ನು ನೋಡಿ, "ಏನೋ ನಾಸಿರ್, ಮೆಣಸು ತುಂಬಕ್ಕೆ ಬಂದಿದೀಯಾ?" ಎನ್ನುತ್ತಾ ಚಾಪೆಯ ಮೇಲೆ ಕೂರುತ್ತಾರೆ. ನಾಸಿರ್ ಹೆಡ್‌ಫೋನ್ ಏರಿಸುತ್ತಾರೆ.

ಹಲಸಿನ ಹಣ್ಣು ಹೊತ್ತು ಹೋಗುವ ಮುದುಕಿ, ಅದನ್ನು ಕದಿಯಲು ಹಿಂದೆ ಬೀಳುವ ನರಿ. ಕಥೆ ಮಕ್ಕಳಿಗೆ ಗೊತ್ತಿರುವುದೇ. ಒರಟು ಧ್ವನಿಗೆ ಮೊದಮೊದಲು ಮುಖಮುಖ ನೋಡಿಕೊಳ್ಳುತ್ತಾರೆ. ಹೂಂಕಾರ ಅಲ್ಲೊಂದು ಇಲ್ಲೊಂದು. ಮುದುಕಿ ತಿರುಗಿ ನೋಡಿದಾಗ ನರಿ ಕಾಫಿ ಒಣಗಿಸುವ ಕಣಕ್ಕೆ ಹಾರಿತು ಎನ್ನುತ್ತಾರೆ ದೇವೀರಮ್ಮ. ಎರಡು ಜಡೆಯ ಹುಡುಗಿಯೊಬ್ಬಳು ಎದ್ದೇ ನಿಲ್ಲುತ್ತಾಳೆ.

"ಅಲ್ಲ ಅಜ್ಜಿ! ನರಿ ಬಿದಿರು ಮೆಳೆಗೆ ಓಡೋದು!"

"ಹೌದು, ಬಿದಿರು ಮೆಳೆಗೆ!" ಎಂದು ಉಳಿದವರೂ ಕೂಗುತ್ತಾರೆ. ನವ್ಯಶ್ರೀ ಮಕ್ಕಳಿಗೆ ಕಣ್ಣು ಬಿಡುತ್ತಾರೆ. ನಾಸಿರ್ ತಲೆ ತಗ್ಗಿಸಿ ನೆಲ ನೋಡುತ್ತಾರೆ.

"ಯಾವ ನರಿ ಕಣವ್ವ ಅದು?" ದೇವೀರಮ್ಮ ಕೊನೆಗೆ ಕೇಳುತ್ತಾರೆ.

"ಡಬ್ಬದಲ್ಲಿರೋ ನರಿ."

"ಓ, ಅದಾ! ಅದು ಮುದಿ ನರಿ. ಇವ್ನು ಅದ್ರ ಮಗ. ಅವ್ರಪ್ಪ ಮೆಳೆಗೆ ನುಗ್ಗಿ ಮುಳ್ಳು ಚುಚ್ಚಿಸ್ಕೊಂಡ ನೋಡು, ಅದಕ್ಕೇ ಮಗಂಗೆ ಹೇಳ್ಬುಟ್ಟವ್ನೆ, ಆ ಕಡೆ ಮಾತ್ರ ಹೋಗ್ಬ್ಯಾಡ ಕಣೋ ಅಂತ."

ಹುಡುಗಿ ನಿಂತಲ್ಲೇ ಯೋಚಿಸುತ್ತಾಳೆ. "ಅವನಿಗೆ ಬಾಲ ಐತಾ?"

"ಅಪ್ಪಂಗಿಂತ ಉದ್ದ ಐತೆ."

"ಹೂಂ," ಎನ್ನುತ್ತಾ ಆಕೆ ಕೂರುತ್ತಾಳೆ. ಮುಂದಿನ ಮಾತಿಗೆ ಎಲ್ಲರೂ ಹೂಂಗುಟ್ಟುತ್ತಾರೆ. ಅಲ್ಲಿಂದಾಚೆ ಕಥೆ ಯಾರೂ ಕೇಳದ ದಾರಿಯಲ್ಲಿ ಹೋಗುತ್ತದೆ. ಮರಿನರಿ ಕಣದಲ್ಲಿ ಜಾರಿ ಬೀಳುತ್ತದೆ, ತೋಟದ ಲೆಕ್ಕ ಬರೆಯುವ ರೈಟರ್ ಕೊಡೆ ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ. ಮಕ್ಕಳು ಕೂತಲ್ಲೇ ಜರುಗುತ್ತಾ ಜರುಗುತ್ತಾ ದೇವೀರಮ್ಮನ ಮಡಿಲವರೆಗೆ ಬಂದಿದ್ದಾರೆ, ಅವರ ಮುಂದಿದ್ದ ಮೈಕು ಈಗ ಬೆನ್ನ ಹಿಂದೆ ಉಳಿದಿದೆ. ನಾಸಿರ್ ಅದನ್ನು ಸರಿಪಡಿಸಲು ಹೋಗುವುದಿಲ್ಲ. ಗೋಡೆಗೆ ಒರಗಿ ಕಾಲು ಚಾಚುತ್ತಾರೆ.

ಕಥೆ ಮುಗಿದು ಬಿಸಿಲು ಇಳಿಯುವ ಹೊತ್ತಿಗೆ ದೂರದಲ್ಲಿ ಕಾಫಿ ಹಣ್ಣು ಸುಲಿಯುವ ಯಂತ್ರ ಶುರುವಾಗುತ್ತದೆ. ಇನ್ನು ಮೇಲೆ ಯಾವ ಕಥೆ ಹಾಕಲಿ ಎಂದು ನವ್ಯಶ್ರೀ ಕೇಳುತ್ತಾರೆ. "ಎರಡೂ ಹಾಕಿ ಟೀಚರ್. ಒಂದಿನ ಅಪ್ಪಂದು, ಒಂದಿನ ಮಗಂದು. ಶನಿವಾರ ಮಾತ್ರ ಡಬ್ಬ ಬ್ಯಾಡ, ಅವ್ವ ಬತ್ತಾರೆ," ಎನ್ನುತ್ತಾರೆ ನಾಸಿರ್. ದೇವೀರಮ್ಮ ಇಲ್ಲ ಎನ್ನುವುದಿಲ್ಲ. ಹೆಡ್‌ಫೋನ್ ಕಿವಿಗಿಟ್ಟು ತಮ್ಮ ಧ್ವನಿಯನ್ನೇ ಕೇಳುತ್ತಿದ್ದಾರೆ.

"ಗಂಡಸಿನ ಗಂಟ್ಲಾಗೈತೆ," ಎಂದು ಮೂಗು ಮುರಿಯುತ್ತಾರೆ. ಸ್ವಲ್ಪ ಹೊತ್ತಿಗೆ ಹುಬ್ಬೇರಿಸುತ್ತಾರೆ. "ನರಿ ಮಗ ಅಂದ ತಕ್ಷಣ ಯಾರೋ ಕಿಸಕ್ ಅಂದವ್ರಲ್ಲ? ಮಕ್ಕಳಲ್ಲ ಇದು."

"ನಾನೇ ಅವ್ವ. ತಡ್ಯಕ್ಕಾಗ್ಲಿಲ್ಲ."

"ಮೈಕಿನೋನು ನಗಬಹುದೇನೋ? ತೆಗ್ದಾಕು ಅದ್ನ."

ನಾಸಿರ್ ವೈರನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾರೆ. "ಇಷ್ಟು ವರ್ಷ ಎಷ್ಟೊಂದು ಕತೆ ತುಂಬ್ಕೊಂಡೆ, ಒಂದ್ರಲ್ಲೂ ನಾನಿಲ್ಲ. ಇದ್ರಲ್ಲಿ ಇದೀನಿ. ಇರ್ಲಿ ಬಿಡಿ ಅವ್ವ."