ಕುದುರೆಯೂ ಕತ್ತೆಯೂ ಆದ ಜೀಪು

ಹೆಬ್ಬಾಳದ ಫ್ಲೈಓವರ್ ಏರುವಾಗ ಚಿಕ್ಕಬೈರಪ್ಪನವರ ಹಳೆಯ ಆಟೋಮ್ಯಾಟಿಕ್ ಜೀಪನ್ನು ಎಳನೀರು ತುಂಬಿದ ಲಗೇಜ್ ಆಟೋ ಹಿಂದೆ ಹಾಕಿತು. ಗೇರ್ ಬದಲಾಗಲಿಲ್ಲ, ಬೈರಪ್ಪನವರ ಮುಖದ ಬಣ್ಣ ಬದಲಾಯಿತು. ಪಕ್ಕದಲ್ಲಿ ಕುಗ್ಗಿ ಕುಳಿತಿದ್ದವನು, ಮೂರನೇ ಸಲ ರಿಪೇರಿ ಮಾಡಿ 'ಈಗ ಕುದುರೆ' ಎಂದಿದ್ದ ಮೆಕ್ಯಾನಿಕ್ ಯೋಗಾನಂದ.

"ನಿನ್ ಕೈಲಿ ಕುದ್ರೆ, ನನ್ ಕೈಲಿ ಕತ್ತೆ! ಇಂಗೆ ಎಷ್ಟ್ ಸಲ ಆಟ ಆಡಿಸ್ತೀಯ? ಇವತ್ತೇ ನಿನ್ ಬೋರ್ಡ್ ಕಿತ್ತಾಕಿಸ್ತೀನಿ ಕಣಯ್ಯ!"

ಕಿತ್ತುಹಾಕಿಸಬಲ್ಲರು, ಕೊಡಿಗೇಹಳ್ಳಿಯಲ್ಲಿ ಯೋಗಾನಂದನ ಗ್ಯಾರೇಜ್ ಇದ್ದ ಮಳಿಗೆ ಅವರದೇ. ಟ್ರ್ಯಾಕ್ಟರ್ ಬಿಚ್ಚುತ್ತ ಬೆಳೆದ ಯೋಗಾನಂದ ೨೦೧೨ರಲ್ಲಿ ಲ್ಯಾಪ್‌ಟಾಪ್ ಕೊಂಡು, ಬೋರ್ಡಿನ ಮೇಲೆ 'ಎಂಜಿನ್ ಕಂಪ್ಯೂಟರ್ ತಜ್ಞ' ಎಂದು ಬರೆಸಿದ್ದ. ಈ ಜೀಪಿಗೆ ಸೆನ್ಸರ್ ಬದಲಿಸಿ, ಗೇರ್‌ಬಾಕ್ಸಿಗೆ ಹೊಸ ಆಯಿಲ್ ಕುಡಿಸಿದ್ದ.

ಗಾಡಿ ಪಕ್ಕಕ್ಕೆ ನಿಂತಾಗ ಅವನು ಬಗ್ಗಿ ನೋಡಿದ. ಆಕ್ಸಿಲರೇಟರ್ ಕೆಳಗೆ ಎರಡು ದಪ್ಪ ಮ್ಯಾಟುಗಳು. ಪೆಡಲ್ ಪೂರ್ತಿ ಇಳಿಯದೆ, ಏರು ಹತ್ತಲು ಗೇರ್ ಇಳಿಸಬೇಕೆಂದು ಗಾಡಿಯ ಕಂಪ್ಯೂಟರಿಗೆ ತಿಳಿಯುತ್ತಲೇ ಇರಲಿಲ್ಲ. ಮ್ಯಾಟ್ ಎಳೆದು ಹಿಂದೆಸೆದ. ಬೈರಪ್ಪನವರು ಪೆಡಲ್ ತುಳಿದರು, ಜೀಪು ಗುಡುಗಿ ನೆಗೆಯಿತು.

"ಮೂರ್ ಸಲ ಬಿಚ್ದಲ್ಲಯ್ಯ, ಒಂದ್ ಸಲಾನೂ ಇದು ಕಾಣ್ಲಿಲ್ವಾ?"

"ಇಲ್ಲ ಗೌಡ್ರೇ. ಟ್ರಯಲ್ ನೋಡೋ ಮುಂಚೆ ಪ್ರತಿ ಸಲ ನಾನೇ ಮ್ಯಾಟ್ ತೆಗ್ದು ಆಚೆ ಇಟ್ಟು, ಗಾಡಿ ಕೊಡೋವಾಗ ವಾಪಸ್ ಹಾಕ್ತಿದ್ದೆ. ಗ್ರೀಸ್ ಆಗ್ಬಾರ್ದು ಅಂತ."