ಡಾಕ್ಟರು ಹೇಳದ ಮಾತು

ನಿನ್ನ ಗಂಟಲಿಗೆ ಏನೂ ಆಗಿರಲಿಲ್ಲ, ಗಿರಿಜಾ. ಹಾಡು ಬಿಡಬೇಕೆಂದು ಹಾವೇರಿಯ ಡಾಕ್ಟರು ಹೇಳಲೇ ಇಲ್ಲ — ಆ ಮಾತು ನನ್ನದು. ಏಳು ವರ್ಷ ಅದನ್ನು ಅವರ ಹೆಸರಿನಲ್ಲಿ ನಡೆಸಿಕೊಂಡು ಬಂದೆ. ನಿನ್ನ ಎದುರಿಗೆ ನಿಂತು ಇದನ್ನು ಹೇಳಬೇಕು. ಹೇಳುವ ಮೊದಲು ಒಂದು ಸಲ ನನ್ನೊಳಗೇ ಹೇಳಿಕೊಂಡು ನೋಡುತ್ತಿದ್ದೇನೆ, ಬಾಯಿ ತೊದಲಬಾರದಲ್ಲ.

ಇದಕ್ಕೂ ಹಿಂದೆ ಇನ್ನೊಂದು ಸುಳ್ಳಿದೆ. ರಾಣೆಬೆನ್ನೂರಿನ ನಿಮ್ಮ ಮನೆಗೆ ನಿನ್ನನ್ನು ನೋಡಲು ಬಂದಾಗ ಹೇಳಿದ್ದು. ನೀನು ಹಾರ್ಮೋನಿಯಂ ಮುಂದಿಟ್ಟುಕೊಂಡು ಒಂದು ವಚನ ಹಾಡಿದೆ. ಸಣ್ಣ ವಚನ. ಆದರೆ ಅದರ ಮೊದಲ ಪದದಲ್ಲೇ ಎಷ್ಟು ಹೊತ್ತು ನಿಂತುಬಿಟ್ಟೆಯೆಂದರೆ, ನಮ್ಮ ಸೋದರಮಾವ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡು ಅದನ್ನೂ ಮುಗಿಸಿದರು. ನನಗೆ ಹಾಡು ಹಿಡಿಸಲಿಲ್ಲ. ನೀನು ಹಿಡಿಸಿದೆ — ಕಣ್ಣು ಮುಚ್ಚಿ ಹಾಡುವಾಗ ನಿನ್ನ ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು, ಅದನ್ನೇ ನೋಡುತ್ತ ಕೂತಿದ್ದೆ. ಹಾಡು ಮುಗಿಸಿ, ಹಿರಿಯರೆಲ್ಲ ಇರುವಾಗಲೇ, ನೀನೇ ಕೇಳಿದೆ:

"ನಿಮಗ ಗಾಯನ ಸೇರತೈತೇನ್ರಿ?"

"ಗಾಯನ ಅಂದ್ರ ಜೀವರೀ ನನಗ," ಅಂದೆ.

ಗಾಯನವೆಂದರೆ ನನಗೆ ಗೊತ್ತಿದ್ದದ್ದು ಬ್ಯಾಡಗಿ ಪೇಟೆಗೆ ಬರುವ ಲಾರಿಯವರು ಹಚ್ಚುತ್ತಿದ್ದ ಸಿನಿಮಾ ಹಾಡು, ಅದೂ ಕಾಲು ಕುಣಿಸುವಂಥದ್ದು. ಸಂಗೀತ ಸೇರುವುದಿಲ್ಲ ಎಂದದ್ದಕ್ಕೆ ನೀನು ಇಬ್ಬರು ವರರನ್ನು ಬೇಡವೆಂದಿದ್ದು ನನ್ನ ಕಿವಿಗೆ ಬಿದ್ದಿತ್ತು. ಮೂರನೆಯವನಾಗಲು ನನಗೆ ಮನಸ್ಸಿರಲಿಲ್ಲ.

ಮದುವೆಯಾಯಿತು. ನಸುಕಿನಲ್ಲಿ ಎದ್ದು ನೀನು ಹಾಡಿನ ಸಾಧನೆಗೆ ಕೂರುತ್ತಿದ್ದೆ. ಹಿಂದಿನ ದಿನವೆಲ್ಲ ನಮ್ಮ ದಲಾಲಿ ಅಂಗಡಿಯಲ್ಲಿ ಕೂಗಾಡಿ, ಮೆಣಸಿನಕಾಯಿ ಚೀಲಗಳ ನಡುವೆ ಸೀನಿ ಸೀನಿ ಬಂದು ಮಲಗಿದವನು ನಾನು. ಹೊದಿಕೆಯೊಳಗಿನಿಂದಲೇ "ಭಾರಿ ಆತು" ಎಂದು ಹೊಗಳುತ್ತಿದ್ದೆ. ಒಮ್ಮೆ ನೀನಿನ್ನೂ ಶ್ರುತಿ ಹಿಡಿಯುತ್ತಿದ್ದಾಗಲೇ ಹಾಗೆ ಅಂದುಬಿಟ್ಟೆ. ನೀನು ಬಿದ್ದು ಬಿದ್ದು ನಕ್ಕೆ — ಚೇಷ್ಟೆ ಮಾಡಿದೆನೆಂದು ತಿಳಿದು. ಆ ನಗು ನನಗೆ ಎಷ್ಟು ಹಿತವಾಗಿತ್ತೆಂದರೆ, ನಿಜ ಹೇಳುವ ಆಸೆಯೇ ಹೋಯಿತು.

ಬರೀ ಬೇಸರವಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಹಾಡಲು ಕೂತಾಗ ನಿನಗೆ ನಾನು ಬೇಕಾಗಿರಲಿಲ್ಲ, ಗಿರಿಜಾ. ಮಿಕ್ಕ ಹೊತ್ತೆಲ್ಲ ನನ್ನ ಬಾಯಿಗೆ ಬಾಯಿ ಕೊಟ್ಟು ಕಾಡುವವಳು, ಆ ಒಂದು ತಾಸು ನಾನು ಎದ್ದು ಹೋದರೂ ತಿಳಿಯದವಳಾಗುತ್ತಿದ್ದೆ. ಅಲ್ಲಿಗೆ ನನಗೆ ದಾರಿಯಿರಲಿಲ್ಲ. ನಾನು ಹೊಟ್ಟೆಕಿಚ್ಚು ಪಟ್ಟೆ — ಯಾರ ಮೇಲೆ ಎಂದು ಕೇಳಿದರೆ ಹೇಳಲೂ ನಾಚಿಕೆ.

ಒಂದು ಮೆಣಸಿನಕಾಯಿ ಹಂಗಾಮಿನಲ್ಲಿ ನಿನಗೆ ಕೆಮ್ಮು ಹತ್ತಿತು. ಹಾವೇರಿಗೆ ಕರೆದುಕೊಂಡು ಹೋದೆ. ನಮ್ಮ ಕಡೆ ನಡೆಯುವಂತೆ, ಡಾಕ್ಟರು ನಿನ್ನನ್ನು ನೋಡಿ, ಹೊರಗಿನ ಬೆಂಚಿಗೆ ಕಳಿಸಿ, ಹೇಳುವುದನ್ನೆಲ್ಲ ನನಗೆ ಹೇಳಿದರು. ನೀನೂ ಎದ್ದು ಹೋದೆ. ಗಂಡ ಕೇಳಿಕೊಂಡು ಬರುತ್ತಾನಲ್ಲ ಎಂಬ ನಂಬಿಕೆ.

"ಏನೂ ಇಲ್ಲರಿ, ಮೆಣಸಿನಕಾಯಿ ಧೂಳು," ಅಂದರು ಅವರು. "ನಿಮ್ಮ ಅರಿವ್ಯಾಗ ಕುಂತು ಮನಿಗೆ ಬರಾಕತ್ತೈತಿ. ಅಂಗಡಿ ಅರಿವಿ ಹೊರಗ ಬಿಚ್ಚಿಟ್ಟು ಒಳಗ ಹೋಗ್ರಿ. ಅವರು ಒಂದೀಟು ದಿನ ಗಂಟಲಾ ಸುಮ್ಮನ ಬಿಡಲಿ, ಆಮ್ಯಾಲೆ ಬೇಕಾದಷ್ಟು ಹಾಡಲಿ."

ಇಷ್ಟೇ. ತಪ್ಪು ನನ್ನ ಅಂಗಿಯದು. ಹೊರಗೆ ಬಂದು, ಬ್ಯಾಡಗಿ ಬಸ್ಸಿನಲ್ಲಿ ನಿನ್ನ ಪಕ್ಕ ಕೂತು ನಾನು ಹೇಳಿದ್ದು ಬೇರೆ.

"ಇನ್ನ ಹಾಡಬಾರದಂತ. ಹಾಡಿದ್ರ ದನಿ ಖಾಯಂ ಹೋಗತೈತಂತ."

ಯೋಚಿಸಿ ಹೇಳಿದ್ದೆನೇ, ಬಾಯಿಂದ ಜಾರಿತೇ — ಏಳು ವರ್ಷ ಕೇಳಿಕೊಂಡಿದ್ದೇನೆ. ಯೋಚಿಸಿಯೇ ಹೇಳಿದ್ದೆ. ದವಾಖಾನೆಯ ಮೆಟ್ಟಿಲು ಇಳಿಯುವಾಗಲೇ ಮಾತು ಸಿದ್ಧವಾಗಿತ್ತು. ಮೋಟೆಬೆನ್ನೂರು ದಾಟುವವರೆಗೂ ನೀನು ಕಿಟಕಿಯ ಹೊರಗೇ ನೋಡುತ್ತಿದ್ದೆ. ಅಳುತ್ತೀಯೆಂದುಕೊಂಡೆ, ಸಮಾಧಾನದ ಮಾತೂ ಹುಡುಕಿಟ್ಟುಕೊಂಡಿದ್ದೆ. ನೀನು ಈ ಕಡೆ ತಿರುಗಿ ನನ್ನ ಕೈ ಹಿಡಿದುಕೊಂಡು ಅಂದೆ:

"ನನ್ನದಿರಲಿ ಬಿಡ್ರಿ. ನಿಮಗ ಹಾಡು ಇಲ್ಲದಂಗಾತಲ್ಲ."

ಅಲ್ಲೇ ಹೇಳಿಬಿಡಬೇಕಿತ್ತು. ಕೈ ನಿನ್ನ ಕೈಯಲ್ಲೇ ಇತ್ತು.

ಮರುದಿನದಿಂದ ಅಂಗಿಯನ್ನು ಬಚ್ಚಲ ಬಾಗಿಲಲ್ಲೇ ಬಿಚ್ಚಿಡತೊಡಗಿದೆ. ನಿನ್ನ ಕೆಮ್ಮು ನಿಂತಿತು. ಹಾಡು ಬಿಟ್ಟಿದ್ದಕ್ಕೇ ನಿಂತಿತೆಂದು ನೀನು ತಿಳಿದೆ, ನಾನು ಹೌದೆಂದೆ. ಅಷ್ಟಕ್ಕೇ ಮುಗಿಯಲಿಲ್ಲ. ಪಾಪ, ಸಂಗೀತವಿಲ್ಲದೆ ಗಂಡ ಸೊರಗಿಯಾನೆಂದು ನೀನು ರಾಣೆಬೆನ್ನೂರಿಗೆ ಹೋದಾಗಲೆಲ್ಲ ದೊಡ್ಡ ದೊಡ್ಡ ಗವಾಯಿಗಳ ಕ್ಯಾಸೆಟ್ಟು ತಂದೆ, ಆಮೇಲೆ ಸೀಡಿ ತಂದೆ. ರಾತ್ರಿ ಉಂಡಾದ ಮೇಲೆ ಅದನ್ನು ಹಚ್ಚಿ, ನೀನು ನನ್ನ ತೊಡೆಯ ಮೇಲೆ ತಾಳ ಹಾಕುತ್ತ ಕೂರುತ್ತಿದ್ದೆ. ನನಗೆ ತಕ್ಕ ಶಾಸ್ತಿಯೇ ಆಯಿತು ಎಂದು ಎಷ್ಟೋ ಸಲ ಒಳಗೇ ನಕ್ಕಿದ್ದೇನೆ. ನಿನ್ನ ಬೆರಳು ತೊಡೆಯ ಮೇಲೆ ಆಡುತ್ತಿರುವವರೆಗೆ ಆ ಶಾಸ್ತಿ ಮುಗಿಯುವುದೂ ನನಗೆ ಬೇಡವಾಗಿತ್ತು. ನಿನ್ನ ಮೇಲಿನ ಪ್ರೀತಿ ಮಾತ್ರ ಒಂದು ದಿನವೂ ಸುಳ್ಳಾಗಿರಲಿಲ್ಲ, ಗಿರಿಜಾ. ಅದನ್ನು ತಪ್ಪಿಗೆ ಅಡ್ಡ ಹಿಡಿಯುತ್ತಿಲ್ಲ. ಪ್ರೀತಿ ಇದ್ದವನೇ ಇದನ್ನು ಮಾಡಿದ.

ಇವತ್ತು ಬೆಳಿಗ್ಗೆ ನೀನು ನಮ್ಮ ಮಗಳು ಸ್ವಾತಿಗೆ ಶಾಲೆಯ ಪ್ರಾರ್ಥನೆ ಕಲಿಸುತ್ತಿದ್ದೆ. ಬಾಯಿ ಮುಚ್ಚಿಕೊಂಡು, ಹಾರ್ಮೋನಿಯಂನ ಕೀಗಳನ್ನು ಒತ್ತಿ ತೋರಿಸುತ್ತಿದ್ದೆ. ಹುಡುಗಿ ತಪ್ಪಿದಾಗ ನಿನ್ನ ಗಂಟಲು ಒಮ್ಮೆ ಅಲುಗಿತು. ದನಿ ಬರಲಿಲ್ಲ. ನೀನು ಬರಗೊಡಲಿಲ್ಲ.

"ಅವ್ವಾ, ನೀ ಯಾಕ ಹಾಡಂಗಿಲ್ಲ?"

"ಹಾಡಿದ್ರ ದನಿ ಹೋಗತೈತಂತ ಡಾಕ್ಟರ್ ಹೇಳ್ಯಾರವಾ. ನಿಮ್ಮಪ್ಪಗ ನನ್ನ ಹಾಡಂದ್ರ ಜೀವ ಇತ್ತು. ಆದ್ರೂ ನನ್ನ ಸಲುವಾಗಿ ಬಿಡಿಸಿದ್ರು."

ಎಷ್ಟು ಹೆಮ್ಮೆಯಿಂದ ಹೇಳಿದೆ! ಮಗಳು ನನ್ನ ಕಡೆ ತಿರುಗಿ ನೋಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದೆ, ಅಂಗಡಿಯಲ್ಲಿ ಕೂರಲಾಗದೆ ತಿರುಗಿ ಬಂದು ಮನೆಯ ಕಟ್ಟೆಯ ಮೇಲೆ ಕೂತಿದ್ದೇನೆ.

ಇನ್ನೂ ಒಂದು ಮಾತಿದೆ. ಇಷ್ಟು ವರ್ಷ ಕೇಳಿ ಕೇಳಿ ನನಗೂ ಸಂಗೀತದ ರುಚಿ ಹತ್ತಿತು ಎಂದರೆ ನಿನಗೆ ಸಂತೋಷವಾದೀತು, ನನ್ನ ತಪ್ಪೂ ಸ್ವಲ್ಪ ಚೆಂದ ಕಂಡೀತು. ಹತ್ತಿಲ್ಲ. ಯಾವ ರಾಗ ಯಾವುದೆಂದು ಇವತ್ತಿಗೂ ತಿಳಿಯುವುದಿಲ್ಲ, ತಿಳಿಯಬೇಕೆಂಬ ಆಸೆಯೂ ಇಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ — ನೀನು ಮತ್ತೆ ಹಾಡಲು ಕೂತರೆ ನನಗಾಗಿ ಹಾಡಬೇಡ. ನಾನು ಕಟ್ಟೆಯ ಮೇಲೆ ಕೂತಿರುತ್ತೇನೆ. ನನ್ನ ನೆನಪೇ ಇಲ್ಲದಂತೆ, ಮೊದಲು ಹಾಡುತ್ತಿದ್ದೆಯಲ್ಲ, ಹಾಗೆ ಹಾಡು.

ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದೀಯ. ಬಂದೆ. ಉಣ್ಣುವ ಮೊದಲೇ ಹೇಳುತ್ತೇನೆ.