ಐದಕ್ಕೆ ಐದು

ಪುರಸಭೆಗೆ ಕಚೇರಿ ಇತ್ತು, ಅಧ್ಯಕ್ಷರಿದ್ದರು, ಎಂಜಿನಿಯರ್ ಇದ್ದರು, ಗೋಡೆ ತುಂಬ ಬಣ್ಣದ ನಕ್ಷೆಗಳಿದ್ದವು. ಮೇಲಿನ ಬೀದಿಯವರ ಪಾಲಿಗೆ ಮಾತ್ರ ಪುರಸಭೆ ಎಂದರೆ ನೀರಣ್ಣ, ಅಷ್ಟೇ. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಮೂವತ್ತೊಂದು ವರ್ಷದಿಂದ ಬೆಳಿಗ್ಗೆ ಆರಕ್ಕೆ, ಎದೆಯೆತ್ತರದ ಕಬ್ಬಿಣದ ಕೀಲಿ ಹೆಗಲಿಗೇರಿಸಿಕೊಂಡು ಬಂದು, ರಸ್ತೆಯ ಗುಂಡಿಯ ಮುಚ್ಚಳ ಸರಿಸಿ ವಾಲ್ವ್ ತಿರುಗಿಸುವುದು ಅವನ ಕೆಲಸ. ಆ ಗುಂಡಿಯ ಮುಂದೆ ಕೂತೆದ್ದು ಕೂತೆದ್ದು ಮಂಡಿ ಎರಡೂ ಕೈಕೊಟ್ಟಿದ್ದವು.

ನಿಯಮದ ಪ್ರಕಾರ ಒಂದು ಗಂಟೆ ವಾಲ್ವ್ ಪೂರ್ತಿ ತೆರೆದಿಟ್ಟು ಆಮೇಲೆ ಮುಚ್ಚಬೇಕು. ಹಾಗೆ ಮಾಡಿದರೆ ನೀರೆಲ್ಲ ಕೆಳಗಿನ ಬೀದಿಗೇ ಹೋಗುತ್ತದೆ. ದಿಬ್ಬದ ಮೇಲಿನ ನಲ್ಲಿಗಳು ಬುಸ್ಸೆಂದು ಗಾಳಿ ಬಿಟ್ಟು ಸುಮ್ಮನಾಗುತ್ತವೆ. ಪೈಪು ಸಣ್ಣದು, ಒಳಗೆಲ್ಲ ತುಕ್ಕು. ನೀರಣ್ಣ ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ಮೊದಲ ಅರ್ಧ ಗಂಟೆ ಕೆಳಗಿನ ಬೀದಿಯ ವಾಲ್ವನ್ನು ಮುಕ್ಕಾಲು ಮುಚ್ಚಿ, ಕೀಲಿಯ ತುದಿಗೆ ಕಿವಿಯಿಟ್ಟು ಕೇಳುತ್ತಿದ್ದ. ಗೊರಗೊರ ನಿಂತು ಸಣ್ಣಗೆ ಸಿಳ್ಳೆ ಕೇಳಿತೆಂದರೆ ನೀರು ದಿಬ್ಬ ಹತ್ತುತ್ತಿದೆ ಎಂದರ್ಥ. ಆ ಸಿಳ್ಳೆ ಗುರುತಿಸುವ ಇನ್ನೊಂದು ಕಿವಿ ಊರಿನಲ್ಲಿರಲಿಲ್ಲ. ಇನ್ನು ಏಳು ತಿಂಗಳಿಗೆ ಅವನು ನಿವೃತ್ತ. ಅಷ್ಟರೊಳಗೆ ಮೇಲಿನ ಬೀದಿಗೆ ಹೊಸ ಪೈಪು ಬೀಳದಿದ್ದರೆ ಆ ಅರವತ್ತು ಮನೆಗಳ ಗತಿಯೇನು ಎಂಬುದೊಂದೇ ಅವನ ಚಿಂತೆ. ಊಟಕ್ಕೆ ಕೂತರೂ ಅದೇ ಮಾತು. ಹೆಂಡತಿಗೆ ಕೇಳಿ ಕೇಳಿ ಸಾಕಾಗಿತ್ತು.

ಆ ವರ್ಷ ಒಂದು ಬೀದಿಗೆ ಸಾಲುವಷ್ಟು ಪೈಪು ಮಂಜೂರಾಯಿತು. ಜೊತೆಗೇ ಸಮೀಕ್ಷೆಯ ಹುಡುಗಿಯೊಬ್ಬಳು ಕಾಗದದ ಕಟ್ಟು ಹಿಡಿದು ಮನೆಮನೆ ಹತ್ತಿಳಿದಳು. ರಸ್ತೆ, ದೀಪ, ಕಸ, ನೀರು, ಒಂದೊಂದಕ್ಕೂ ಐದರಲ್ಲಿ ಎಷ್ಟು ಅಂಕ ಕೊಡ್ತೀರಿ? ನೀರಿಗೆ ಅಂಕ ಕಡಿಮೆ ಬಂದ ಬೀದಿಗೆ ಪೈಪು ಎಂಬುದನ್ನು ಮಾತ್ರ ಯಾರೂ ಯಾರಿಗೂ ಹೇಳಲಿಲ್ಲ. ಇಂಥ ಮಾತು ಬಾಯಿಬಿಟ್ಟು ಹೇಳಿದರೆ ಅದನ್ನು ಕಚೇರಿ ಎನ್ನುತ್ತಾರೆಯೇ?

ತಿಂಗಳಾದ ಮೇಲೆ ಎಂಜಿನಿಯರ್ ನೀರಣ್ಣನನ್ನು ಕರೆದು ಬೆನ್ನು ತಟ್ಟಿದರು.

"ನೋಡಪ್ಪ, ಇಡೀ ಊರಲ್ಲಿ ನೀರಿಗೆ ಐದಕ್ಕೆ ಐದು ಬಂದಿರೋದು ನಿನ್ನ ಮೇಲಿನ ಬೀದಿಗೆ ಮಾತ್ರ. ಪೈಪು ಸ್ಟೇಷನ್ ರಸ್ತೆಗೆ ಹೋಯ್ತು."

"ಸಾರ್, ಅಲ್ಲಿಗೆ ನೀರು ತಾನಾಗಿ ಹೋಗಲ್ಲ. ನಾನು ಹತ್ತಿಸ್ತೀನಿ."

"ಜನ ಹಾಗೆ ಬರೆಸಿಲ್ವಲ್ಲ. ದೂರಿನ ಪುಸ್ತಕದಲ್ಲೂ ಆ ಬೀದೀದು ಒಂದು ಗೆರೆ ಇಲ್ಲ. ದೂರು ಬರಲಿ, ನೋಡೋಣ."

ನೀರಣ್ಣ ಮಂಡಿ ಹಿಡಿದುಕೊಂಡೇ ದಿಬ್ಬ ಹತ್ತಿದ. ಮೊದಲ ಮನೆ ಬಟ್ಟೆ ಹೊಲಿಯುವ ಟೈಲರಮ್ಮನದು.

"ಏನಮ್ಮ, ನೀರಿಗೆ ಐದು ಹಾಕಿಸಿದ್ಯಂತೆ?"

ಅವಳು ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದಳು. "ಮತ್ತೆ? ನಿಮ್ಮ ಬಗ್ಗೆ ಕೇಳಿದ್ರೆ ಎರಡು ಹಾಕ್ಸೋಕಾಗುತ್ತಾ ಅಣ್ಣ? ರಿಟೈರಾಗೋ ಹೊತ್ತಲ್ಲಿ ಯಾರೋ ನಿಮಗೆ ಕಲ್ಲು ಹಾಕ್ತಿದಾರೆ ಅಂದ್ಕೊಂಡ್ವಿ. ಬೀದಿಯವರೆಲ್ಲ ಮಾತಾಡ್ಕೊಂಡೇ ಐದು ಕೊಟ್ವಿ. ರಸ್ತೆಗೆ ಸೊನ್ನೆ ಕೊಟ್ಟಿದೀವಿ ಬಿಡಿ."

"ಕೇಳಿದ್ದು ಪುರಸಭೆ ಬಗ್ಗೆ ಕಣಮ್ಮ. ಈಗಲಾದ್ರೂ ಹೋಗಿ ದೂರು ಬರೀರಿ."

"ಆ ಪುಸ್ತಕದಲ್ಲಿ ನೌಕರನ ಹೆಸರು ಬರೀಬೇಕಂತೆ. ನಿಮ್ಮ ಹೆಸರು ಬರೆಯೋ ಕೈ ನಮಗಿಲ್ಲ."

ಬೈದಿದ್ದರೆ ಬೈಸಿಕೊಂಡು ಸುಮ್ಮನಿರಬಹುದಿತ್ತು. ಈ ಪ್ರೀತಿಯನ್ನು ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ.

ಮರುದಿನದಿಂದ ನೀರಣ್ಣ ಹಟಕ್ಕೆ ಬಿದ್ದು ನಿಯಮದ ಪ್ರಕಾರ ಕೆಲಸ ಮಾಡಿದ. ಪೂರ್ತಿ ತೆಗೆದ, ಗಂಟೆಯಾಯಿತು, ಮುಚ್ಚಿದ. ಕಿವಿ ಇಡಲಿಲ್ಲ, ದಿಬ್ಬದ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಕೆಲಸ ಮುಗಿಸಿ ಕಚೇರಿಯ ಬೆಂಚಿನಲ್ಲಿ ದೂರಿನ ಪುಸ್ತಕದ ಎದುರಿಗೇ ಕೂರುತ್ತಿದ್ದ. ಮೂರು ದಿನ ಯಾರೂ ಬರಲಿಲ್ಲ. ತಾನು ಮಾಡುತ್ತಿರುವುದು ಪಾಪ ಎಂದು ಗೊತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಕೀಲಿ ಎತ್ತಿಕೊಳ್ಳುವ ಮೊದಲೇ ಬಾಗಿಲು ಬಡಿದ ಸದ್ದು. ಟೈಲರಮ್ಮ ನಿಂತಿದ್ದಳು, ಕೈಯಲ್ಲಿ ನೋವಿನ ಮುಲಾಮು.

"ಮಂಡಿ ಜಾಸ್ತಿಯಾಯ್ತಾ ಅಣ್ಣ? ಮೂರು ದಿನ ನೀರು ಬರ್ಲಿಲ್ಲ, ನಿಮಗೆ ಹುಷಾರಿಲ್ಲ ಅಂತ ಆಗ್ಲೇ ಗೊತ್ತಾಯ್ತು. ನೀವು ಸುಧಾರಿಸ್ಕೊಳ್ಳಿ. ನಾವು ಕೆಳಗಿಂದ ಹೊತ್ಕೋತೀವಿ."

ಮುಲಾಮು ಹಿಡಿದಿದ್ದ ಅಂಗೈಯಲ್ಲಿ ಬಕೆಟ್ಟಿನ ಹಿಡಿ ಒತ್ತಿದ ಬೊಬ್ಬೆಗಳಿದ್ದವು. ಸೂಜಿ ಹಿಡಿಯುವ ಕೈ. ನೀರಣ್ಣನಿಗೆ ಅಳು ಬಂತು. ಹೆಂಡತಿ ಒಳಗಿದ್ದಾಳೆ ಎಂಬುದನ್ನೂ ಮರೆತು ಅತ್ತ.

ಆಮೇಲೆ ಕೀಲಿ ಹೆಗಲಿಗೇರಿಸಿ, "ಬಾ ನನ್ನ ಜೊತೆ" ಎಂದ. ಗುಂಡಿಯ ಹತ್ತಿರ ಬಂದು ಮುಚ್ಚಳ ಸರಿಸಿದ. ಈ ಸಲ ಅವನು ಕೂರಲಿಲ್ಲ.

"ಕೂತ್ಕೋ. ಕಿವಿ ಇಡು ಇಲ್ಲಿ. ಗೊರಗೊರ ಅಂತಿದೆಯಾ? ನಿಧಾನಕ್ಕೆ ತಿರುಗಿಸು. ಇನ್ನೂ ಸ್ವಲ್ಪ."

"ನಾನ್ಯಾಕೆ ಅಣ್ಣ ಇದನ್ನ ಕಲೀಬೇಕು?"

"ಪೈಪು ಬರಲ್ಲ. ನಾನೂ ಇರಲ್ಲ. ಹೊಸಬನಿಗೆ ನೀನೇ ಹೇಳ್ಕೊಡಬೇಕು."

ಅವಳು ಕೆನ್ನೆಯನ್ನು ತಣ್ಣನೆಯ ಕಬ್ಬಿಣಕ್ಕೆ ಒತ್ತಿ ಬಹಳ ಹೊತ್ತು ಕೇಳಿದಳು. ಮುಖ ಅರಳಿತು.

"ಸಿಳ್ಳೆ ಕೇಳ್ತು ಅಣ್ಣ."

ಮೇಲಿನ ಬೀದಿಯಲ್ಲಿ ಬಕೆಟ್ಟುಗಳ ಸದ್ದು ಶುರುವಾಯಿತು. ನೀರಣ್ಣ ಗೋಡೆಗೊರಗಿ ಮಂಡಿ ಉಜ್ಜಿಕೊಂಡ. ಮುಂದಿನ ಸಮೀಕ್ಷೆಯಲ್ಲೂ ಈ ಬೀದಿಗೆ ಐದಕ್ಕೆ ಐದೇ ಬರುತ್ತದೆಂದು ಅವನಿಗೆ ಆಗಲೇ ಗೊತ್ತಾಗಿತ್ತು.